ಉದ್ಯಮಕ್ಕೂ ಜಾಲತಾಣಕ್ಕೂ ಹೊಸ ಹೆಸರು ಕಟ್ಟುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೊಸ ಉದ್ಯಮಕ್ಕೆ ಹೆಸರು ಹುಡುಕುವವರು ಹೆಚ್ಚಾಗಿ ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಒಂದು ಹೆಸರು ಮನಸ್ಸಿಗೆ ಹಿಡಿಸುತ್ತದೆ, ಮನೆಮಂದಿಯೆಲ್ಲ ತಲೆಯಾಡಿಸುತ್ತಾರೆ, ಫಲಕ ಬರೆಸಿ, ಚೀಲಗಳ ಮೇಲೆ ಅಚ್ಚು ಹಾಕಿಸಿದ್ದೂ ಆಗುತ್ತದೆ. ಆಮೇಲೆ ಡೊಮೈನ್ (ಜಾಲತಾಣದ ವಿಳಾಸ) ಕೊಳ್ಳಲು ಹೋದರೆ ಅದು ಬೇರೆಯವರ ಕೈಯಲ್ಲಿರುತ್ತದೆ, ಹೆಸರಿನ ಮೇಲೆ ಕಾನೂನಿನ ಹಕ್ಕು ಪಡೆಯಲು ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದರೆ ಆಕ್ಷೇಪ ಬರುತ್ತದೆ, ಗಿರಾಕಿಗಳು ಗೂಗಲ್‌ನಲ್ಲಿ ಟೈಪ್ ಮಾಡಿದರೆ ಬೇರೆ ಯಾವುದೋ ಅಂಗಡಿ ತೆರೆದುಕೊಳ್ಳುತ್ತದೆ. ಆಗ ಹೆಸರಿಗೆ ಒಂದು ಅಕ್ಷರ ಸೇರಿಸಿ, ನಡುವೆ ಅಡ್ಡಗೆರೆ ಹಾಕಿ, ಕೊನೆಗೊಂದು ಅಂಕಿ ಅಂಟಿಸಿ ತೇಪೆ ಹಚ್ಚುವ ಕೆಲಸ ಶುರುವಾಗುತ್ತದೆ.

ಈ ಮಾರ್ಗದರ್ಶಿಯಲ್ಲಿ ಕ್ರಮವನ್ನು ಬದಲಿಸಲಾಗಿದೆ. ಮೊದಲು ಕನ್ನಡದ ಬಾಯಿಯಲ್ಲಿ ಹೆಸರು ಹುಟ್ಟಬೇಕು, ಅನಂತರ ಇಂಗ್ಲಿಷ್ ಅಕ್ಷರಗಳಲ್ಲಿ ಅದು ಉಳಿಯುತ್ತದೆಯೇ ಎಂದು ನೋಡಬೇಕು, ಅದಾದ ಮೇಲೆ ಶೋಧ. ಹಣ ಖರ್ಚು ಮಾಡುವುದು ಕಟ್ಟಕಡೆಗೆ. ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ: ತುಮಕೂರಿನ ಮನೆಯೊಂದರಲ್ಲಿ ರಾಗಿ ಮಾಲ್ಟ್, ನವಣೆ ದೋಸೆ ಹಿಟ್ಟು, ಹುರಿಹಿಟ್ಟು ತಯಾರಿಸಿ ಅಂಗಡಿಗಳಿಗೂ ಅಂತರ್ಜಾಲದ ಮೂಲಕವೂ ಮಾರಬೇಕೆಂದಿರುವ ಸಣ್ಣ ಗೃಹೋದ್ಯಮ.

## ಬೇಕಾಗುವ ಸಾಧನಗಳು

ಒಂದು ನೋಟ್‌ಪುಸ್ತಕ, ಒಂದು ಒಳ್ಳೆಯ ಕನ್ನಡ ನಿಘಂಟು, ಮೊಬೈಲ್ ಫೋನು, ಅಂತರ್ಜಾಲ ಸಂಪರ್ಕ ಇದ್ದರೆ ಕೆಲಸ ಆರಂಭಿಸಬಹುದು. ಇವುಗಳ ಜೊತೆಗೆ ನಿಮ್ಮ ಉದ್ಯಮದ ವಿಷಯ ಏನೂ ತಿಳಿಯದ ಐದಾರು ಜನ ಬೇಕು. ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರು, ಒಬ್ಬರಾದರೂ ಕನ್ನಡ ಮನೆಮಾತಲ್ಲದವರು ಇರಲಿ. ಮನೆಯವರನ್ನು ಈ ಗುಂಪಿಗೆ ಸೇರಿಸಬೇಡಿ. ಅವರು ನಿಮ್ಮ ಮುಖ ನೋಡಿ ಹೇಳುತ್ತಾರೆ.

ಸಮಯ ಎರಡು ವಾರ ಇಟ್ಟುಕೊಳ್ಳಿ. ಒಂದೇ ಸಂಜೆ ಕುಳಿತು ಮುಗಿಸಿದ ಹೆಸರನ್ನು ಮರುದಿನ ಬೆಳಿಗ್ಗೆ ಮತ್ತೆ ಓದಿದಾಗ ಅದರ ದೋಷ ತಾನಾಗಿ ಕಾಣುತ್ತದೆ. ಹೀಗೆ ಮತ್ತೆ ಓದುವುದಕ್ಕೂ ಈ ಎರಡು ವಾರದಲ್ಲಿ ಜಾಗ ಇರಬೇಕು.

## ಹಂತ 1: ಹೆಸರು ಎಲ್ಲೆಲ್ಲಿ ಓಡಾಡಬೇಕೆಂದು ಬರೆದುಕೊಳ್ಳಿ

ಇಂದು ಏನು ಮಾರುತ್ತೀರಿ, ಐದು ವರ್ಷದ ಮೇಲೆ ಇನ್ನೇನು ಮಾರಬಹುದು, ಗಿರಾಕಿಗಳು ಯಾವ ಭಾಷೆಯವರು, ಅವರು ಹೆಸರನ್ನು ಮೊದಲು ಕಿವಿಯಿಂದ ಕೇಳುತ್ತಾರೋ ಕಣ್ಣಿನಿಂದ ನೋಡುತ್ತಾರೋ ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ.

ಎರಡನೆಯ ಪ್ರಶ್ನೆಯನ್ನು ಬಿಟ್ಟವರು ಮುಂದೆ ಕಷ್ಟಪಡುತ್ತಾರೆ. ರಾಗಿಯ ಹೆಸರನ್ನು ಇಡಿಯಾಗಿ ಇಟ್ಟುಕೊಂಡ ಉದ್ಯಮವು ನಾಳೆ ಕಡಲೆಕಾಯಿ ಚಿಕ್ಕಿ ಮಾರುವಾಗ ಹೆಸರೇ ಅಡ್ಡ ನಿಲ್ಲುತ್ತದೆ. ನಾಲ್ಕನೆಯ ಪ್ರಶ್ನೆಯ ಉತ್ತರದಿಂದ ಪರೀಕ್ಷೆಯ ತೂಕ ಬದಲಾಗುತ್ತದೆ: ಬಾಯಿಮಾತಿನಿಂದ ಹರಡುವ ಉದ್ಯಮಕ್ಕೆ ಐದನೆಯ ಮತ್ತು ಏಳನೆಯ ಹಂತಗಳು, ಅಂತರ್ಜಾಲದಲ್ಲಷ್ಟೇ ನಡೆಯುವ ಉದ್ಯಮಕ್ಕೆ ಆರನೆಯ ಹಂತ ನಿರ್ಣಾಯಕವಾಗುತ್ತವೆ.

## ಹಂತ 2: ಎಷ್ಟು ಹೊಸದಾದ ಹೆಸರು ಬೇಕೆಂದು ತೀರ್ಮಾನಿಸಿ

ಹೆಸರುಗಳನ್ನು ಒಂದು ಏಣಿಯ ಮೇಲೆ ಇಟ್ಟು ನೋಡಿ. ತೀರ ಕೆಳಗಿನ ಮೆಟ್ಟಿಲಲ್ಲಿ ಸರಕಿನ ಹೆಸರೇ ಇರುತ್ತದೆ: 'ರಾಗಿ ಹಿಟ್ಟು'. ಅದರ ಮೇಲೆ ಸರಕಿನ ವರ್ಣನೆ: 'ಶುದ್ಧ ರಾಗಿ'. ಅದಕ್ಕೂ ಮೇಲೆ ಸುಳಿವು ಕೊಡುವ ಹೆಸರು: 'ಮುದ್ದೆಮನೆ'. ಅದರ ಮೇಲೆ ಸರಕಿಗೆ ಸಂಬಂಧವೇ ಇಲ್ಲದ ಬಳಕೆಯ ಪದ, ಉದಾಹರಣೆಗೆ ಹಿಟ್ಟಿಗೆ 'ನವಿಲು' ಎಂಬ ಹೆಸರು. ತುತ್ತತುದಿಯಲ್ಲಿ ಯಾವ ನಿಘಂಟಿನಲ್ಲೂ ಇಲ್ಲದ, ನೀವೇ ಕಟ್ಟಿದ ಪದ.

ಕೆಳಗಿನ ಮೆಟ್ಟಿಲುಗಳಲ್ಲಿ ಗಿರಾಕಿಗೆ ಅರ್ಥ ಬೇಗ ಆಗುತ್ತದೆ, ಆದರೆ ಹೆಸರು ನಿಮ್ಮದಾಗಿ ಉಳಿಯುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸರಕಿನ ಬಗೆ, ಗುಣ, ಪ್ರಮಾಣ, ತಯಾರಾದ ಊರು ಇಂಥದ್ದನ್ನಷ್ಟೇ ಹೇಳುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಬಹುಕಾಲದ ಬಳಕೆಯಿಂದ ಅದು ನಿಮ್ಮನ್ನೇ ಗುರುತಿಸುವ ಹೆಸರಾಗಿದೆ ಎಂದು ನೀವು ತೋರಿಸಬೇಕಾಗುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ರಕ್ಷಣೆ ಗಟ್ಟಿ, ಆದರೆ ಅರ್ಥವನ್ನು ಜನರ ಮನಸ್ಸಿನಲ್ಲಿ ಕೂರಿಸುವ ಶ್ರಮವೆಲ್ಲ ನಿಮ್ಮದೇ.

ಬಳಕೆಯ ಪದಕ್ಕೂ ಕಟ್ಟಿದ ಪದಕ್ಕೂ ಇರುವ ಅಂತರ ತಿಳಿಯಲು ಕರ್ನಾಟಕದ್ದೇ ಒಂದು ಮೊಕದ್ದಮೆಯಿದೆ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿತ್ತು. 1989ರಲ್ಲಿ ಆರಂಭವಾದ ನಂದಿನಿ ಡಿಲಕ್ಸ್ ಹೋಟೆಲ್ ಸಮೂಹ ಅದೇ ಹೆಸರಿನ ನೋಂದಣಿ ಕೇಳಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಗ್ಲಿಷ್ ಬರಹದಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಒಂದು 'ಎಚ್' ಅಕ್ಷರ ಮಾತ್ರ. 2018ರ ಜುಲೈನಲ್ಲಿ ಬಂದ ತೀರ್ಪು ಹೋಟೆಲಿನ ಪರವಾಯಿತು. ನಂದಿನಿ ಎಂಬುದು ಪುರಾಣದ ಹಸುವಿನ, ದೇವಿಯ ಹೆಸರೇ ಹೊರತು ಯಾರೋ ಕಟ್ಟಿದ ಪದವಲ್ಲ ಎಂಬುದೂ, ಎರಡೂ ಕಡೆಯ ಸರಕು ಮತ್ತು ವ್ಯವಹಾರ ಬೇರೆ ಬೇರೆ ಎಂಬುದೂ ಅದರ ಕಾರಣಗಳಲ್ಲಿ ಸೇರಿದ್ದವು. ಅಷ್ಟು ದೊಡ್ಡ ಸಂಸ್ಥೆಗೇ ಪುರಾಣದ ಹೆಸರನ್ನು ಎಲ್ಲ ಸರಕಿಗೂ ತನ್ನದೊಬ್ಬರದಾಗಿ ಹಿಡಿದಿಡಲು ಆಗಲಿಲ್ಲ ಎಂಬುದನ್ನು ದೇವರ ಹೆಸರು, ಮಗಳ ಹೆಸರು, ನದಿಯ ಹೆಸರು ಇಡಬೇಕೆಂದಿರುವವರು ನೆನಪಿನಲ್ಲಿಡಬೇಕು.

## ಹಂತ 3: ಕಚ್ಚಾ ಪದಗಳನ್ನು ಕೂಡಿಹಾಕಿ

ಈ ಹಂತದಲ್ಲಿ ಹೆಸರಿನ ಬಗ್ಗೆ ಯೋಚಿಸಲೇಬೇಡಿ. ಪದಗಳನ್ನಷ್ಟೇ ಪಟ್ಟಿ ಮಾಡಿ, ನೂರಕ್ಕೆ ಕಡಿಮೆಯಾಗಬಾರದು. 'ಸಿರಿ', 'ಸಮೃದ್ಧಿ', 'ಆರೋಗ್ಯ', 'ಅಮೃತ' ಮುಂತಾದ ಗುಣ ಹೇಳುವ ಪದಗಳಿಂದ ಆರಂಭಿಸಿದರೆ ಆ ಸಾಲಿನ ಎಲ್ಲರೂ ಬಂದು ನಿಂತಿರುವ ಜಾಗಕ್ಕೇ ನೀವೂ ಬರುತ್ತೀರಿ. ವಸ್ತುಗಳಿಂದ ಆರಂಭಿಸಿ: ಕೆಲಸ ನಡೆಯುವ ಜಾಗದಲ್ಲಿ ಕಣ್ಣಿಗೆ ಬೀಳುವ, ಕೈಗೆ ಸಿಗುವ ವಸ್ತುಗಳು.

ನಮ್ಮ ಉದಾಹರಣೆಯಲ್ಲಿ ಕಾಳುಗಳ ಹೆಸರು ಒಂದು ಪುಟ: ರಾಗಿ, ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು, ಸಜ್ಜೆ. ಸಲಕರಣೆ ಇನ್ನೊಂದು ಪುಟ: ಮೊರ, ಒನಕೆ, ಒರಳು, ಬೀಸುಕಲ್ಲು, ಜರಡಿ, ಕಣಜ, ಹಗೇವು. ಅಳತೆ: ಪಾವು, ಸೇರು, ಬಳ್ಳ, ಕೊಳಗ. ಹೊಲದ ಮಾತು: ತೆನೆ, ಕಣ, ರಾಶಿ, ಸುಗ್ಗಿ, ಹೊಟ್ಟು. ತಿನಿಸು: ಅಂಬಲಿ, ಗಂಜಿ, ಮುದ್ದೆ, ಹುರಿಹಿಟ್ಟು. ಕೊನೆಯಲ್ಲಿ ಅನುಕರಣ ಪದಗಳಿಗೆ ಒಂದು ಪುಟ ಮೀಸಲಿಡಿ: ಗರಿಗರಿ, ಘಮಘಮ, ಜುಳುಜುಳು, ಥಳಥಳ, ಸರಸರ. ವ್ಯಾಕರಣದ ಪಾಠದಲ್ಲಿ ಓದಿ ಮರೆತ ಈ ಪದಗಳು ಹೆಸರು ಕಟ್ಟುವವರಿಗೆ ದೊಡ್ಡ ಆಸ್ತಿ, ಏಕೆಂದರೆ ಅವುಗಳಲ್ಲಿ ಅರ್ಥಕ್ಕಿಂತ ಮೊದಲು ಸದ್ದು ಕೆಲಸ ಮಾಡುತ್ತದೆ.

ನಿಮ್ಮೂರಿನಲ್ಲಿ ಮಾತ್ರ ಬಳಕೆಯಲ್ಲಿರುವ ಪದಗಳಿದ್ದರೆ ಖಂಡಿತ ಸೇರಿಸಿ. ಹೆಸರು ಸೂಚಿಸುವ ತಂತ್ರಾಂಶಗಳನ್ನು ಈ ಹಂತದಲ್ಲಿ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಒಂದೇ ಪ್ರಶ್ನೆ ಕೇಳಿದ ನೂರು ಜನರಿಗೆ ಅವು ಹೆಚ್ಚುಕಡಿಮೆ ಒಂದೇ ಬಗೆಯ ಹೆಸರು ಕೊಡುವ ಸಾಧ್ಯತೆ ಇರುವುದರಿಂದ, ಪದ ನೆನಪಿಸಿಕೊಳ್ಳಲು ಅವನ್ನು ಬಳಸಿ, ಹೆಸರು ಆರಿಸಲು ಬಳಸಬೇಡಿ.

## ಹಂತ 4: ಕತ್ತರಿಸಿ, ಜೋಡಿಸಿ, ಕನಿಷ್ಠ ಅರವತ್ತು ಹೆಸರು ಮಾಡಿ

ಒಂದೇ ಹೆಸರು ಇಟ್ಟುಕೊಂಡು ಬಂದವರು ಮುಂದಿನ ಪರೀಕ್ಷೆಗಳಲ್ಲಿ ಅದನ್ನು ಉಳಿಸಲು ವಾದ ಹುಡುಕುತ್ತಾರೆ. ಅರವತ್ತು ಇದ್ದರೆ ಬಿಡುವುದು ಸುಲಭ. ಕಟ್ಟುವ ವಿಧಾನಗಳು ಐದಾರು ಇವೆ, ಎಲ್ಲವನ್ನೂ ಪ್ರಯತ್ನಿಸಿ.

ಎರಡು ಪದಗಳ ತುಣುಕುಗಳನ್ನು ಬೆಸೆಯುವುದು. 'ಇನ್ಫರ್ಮೇಶನ್' ಮತ್ತು 'ಸಿಸ್ಟಮ್ಸ್' ಸೇರಿ ಇನ್ಫೋಸಿಸ್ ಆದದ್ದು ಹೀಗೆ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾದ ಹೆಸರಿನಲ್ಲಿ ಇಂಗ್ಲಿಷಿನ 'ಝೀರೋ'ಗೆ ಅಡೆತಡೆ ಎಂಬರ್ಥದ ಸಂಸ್ಕೃತದ 'ರೋಧ' ಸೇರಿದೆ. 'ರೋ' ಎಂಬ ಅಕ್ಷರ ಎರಡೂ ಪದಗಳಿಗೆ ಹಂಚಿಕೆಯಾಗಿರುವುದನ್ನು ಗಮನಿಸಿ. ಹೀಗೆ ಒಂದು ಅಕ್ಷರ ಎರಡೂ ಕಡೆಗೆ ಸೇರಿದರೆ ಬೆಸುಗೆ ಕಾಣುವುದೇ ಇಲ್ಲ. ನಮ್ಮ ಪಟ್ಟಿಯಲ್ಲಿ 'ಮೊರ' ಮತ್ತು 'ರಾಗಿ' ಹಾಗೆ ಕೂಡುತ್ತವೆ: ಮೊರಾಗಿ.

ಸಂಧಿ ಮಾಡಿ ಬಾಲ ಕತ್ತರಿಸುವುದು. ರಾಗಿ ಮತ್ತು ಅಂಬಲಿ ಲೋಪಸಂಧಿಯಲ್ಲಿ ಸೇರಿದರೆ 'ರಾಗಂಬಲಿ'. ನಾಲ್ಕು ಅಕ್ಷರ ಹೆಚ್ಚೆನಿಸಿದರೆ ಕೊನೆಯ ಎರಡನ್ನು ಒಂದಾಗಿಸಿ 'ರಾಗಂಬಿ' ಮಾಡಬಹುದು. ಕ, ತ, ಪ ಅಕ್ಷರಗಳಿಂದ ಆರಂಭವಾಗುವ ಪದ ಎರಡನೆಯದಾಗಿ ಬಂದರೆ ಆದೇಶಸಂಧಿಯನ್ನು ಪ್ರಯತ್ನಿಸಿ. ಹೊಸ ಮತ್ತು ಕನ್ನಡ ಸೇರಿ 'ಹೊಸಗನ್ನಡ' ಆಗುವಂತೆ ಕೂಡಿದ ಪದ ಕನ್ನಡದ ಬಾಯಿಗೆ ತಾನಾಗಿ ಒಗ್ಗುತ್ತದೆ.

ಒಂದು ಅಕ್ಷರ ತುರುಕುವುದು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ವನಸ್ಪತಿಯ ಹೆಸರು, 'ದಾದಾ' ಎಂಬ ಮೂಲ ಹೆಸರಿನ ನಡುವೆ ಲಿವರ್ ಕಂಪನಿಯ 'ಎಲ್' ಅಕ್ಷರ ಸೇರಿ ಆದದ್ದು. ಪರಿಚಿತ ಪದದ ಒಳಗೆ ಅಪರಿಚಿತ ಅಕ್ಷರವೊಂದು ಕೂತಾಗ ಕಿವಿ ತಟಕ್ಕನೆ ನಿಲ್ಲುತ್ತದೆ.

ಏನೂ ಇಲ್ಲದೆ ಕಟ್ಟುವುದು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕ್ಯಾಮೆರಾಕ್ಕೆಂದು ನೋಂದಾಯಿಸಿದ ಕೊಡಾಕ್ ಹೆಸರಿಗೆ ಯಾವ ಅರ್ಥವೂ ಇಲ್ಲ. ತನಗೆ ಇಷ್ಟವಾದ 'ಕೆ' ಅಕ್ಷರವನ್ನು ಎರಡೂ ತುದಿಗೆ ಇಟ್ಟು ಆತ ಕಟ್ಟಿದ ಪದ ಅದು. ಈ ವಿಧಾನ ಅತ್ಯಂತ ಕಷ್ಟದ್ದು. ಮೊದಲ ಸಲ ಹೆಸರು ಕಟ್ಟುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ, ಏಕೆಂದರೆ ಅರ್ಥದ ಎಳೆಯಿಲ್ಲದ ಪದವನ್ನು ಜನರ ನೆನಪಿನಲ್ಲಿ ಕೂರಿಸಲು ಜಾಹೀರಾತಿನ ಹಣ ಬೇಕು.

ಮೊದಲಕ್ಷರಗಳನ್ನು ಕೂಡಿಸಿದ ಹೆಸರುಗಳ ವಿಷಯದಲ್ಲಿ ಎಚ್ಚರವಿರಲಿ. ಅಮುಲ್ ಎಂಬುದು ಆನಂದ್ ಮಿಲ್ಕ್ ಯೂನಿಯನ್ ಲಿಮಿಟೆಡ್‌ನ ಮೊದಲಕ್ಷರಗಳೂ ಹೌದು, 'ಅಮೂಲ್ಯ'ದ ನೆನಪೂ ಹೌದು. ಅದಕ್ಕೇ ಅದು ಪದದಂತೆ ನಿಂತಿತು. ಪದವಾಗಿ ಉಚ್ಚರಿಸಲಾಗದ ಮೂರು ಅಕ್ಷರಗಳ ಗುಂಪು ಕಾಯಂ ಆಗಿ ಬಿಡಿ ಅಕ್ಷರಗಳಾಗಿಯೇ ಉಳಿಯುತ್ತದೆ.

ಎರಡರಿಂದ ನಾಲ್ಕು ಅಕ್ಷರಗಳೊಳಗೆ ಹೆಸರು ಮುಗಿಯಲಿ. ಒಂದು ಒತ್ತಕ್ಷರವೋ ಅನುಸ್ವಾರವೋ ಇದ್ದರೆ ನಾಲಿಗೆಗೆ ಒಂದು ಊರುಗೋಲು ಸಿಗುತ್ತದೆ. ಎರಡಕ್ಕಿಂತ ಹೆಚ್ಚಾದರೆ ನಾಲಿಗೆ ತೊಡರುತ್ತದೆ.

## ಹಂತ 5: ಕನ್ನಡದ ನಾಲಿಗೆಯ ಮೇಲೆ ಪರೀಕ್ಷಿಸಿ

ಕನ್ನಡದಲ್ಲಿ ಹೆಸರು ಒಂಟಿಯಾಗಿ ಓಡಾಡುವುದಿಲ್ಲ. 'ಎಲ್ಲಿಂದ ತಂದಿರಿ?', 'ಯಾರದು ಈ ಹಿಟ್ಟು?', 'ಯಾರಿಗೆ ಫೋನ್ ಮಾಡಲಿ?' ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಬರುವಾಗ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡೇ ಬರುತ್ತದೆ. ಆದ್ದರಿಂದ ಪ್ರತಿ ಹೆಸರಿಗೂ 'ಇಂದ', 'ಗೆ', 'ಅಲ್ಲಿ', 'ದು' ಸೇರಿಸಿ ಗಟ್ಟಿಯಾಗಿ ಓದಿ. ರಾಗಂಬಿಯಿಂದ, ರಾಗಂಬಿಗೆ, ರಾಗಂಬಿಯಲ್ಲಿ, ರಾಗಂಬಿಯದು: ಎಲ್ಲೂ ತಡೆಯಿಲ್ಲ. ವ್ಯಂಜನದಲ್ಲಿ ಕೊನೆಗೊಳ್ಳುವ ಹೆಸರಿಗೆ ಜನ ತಮಗೆ ತೋಚಿದಂತೆ ಒಂದು 'ಉ'ಕಾರವನ್ನೋ 'ಇನ'ವನ್ನೋ ಸೇರಿಸಿಕೊಳ್ಳುತ್ತಾರೆ, ಹೆಸರು ಊರಿಂದೂರಿಗೆ ಬೇರೆಯಾಗುತ್ತದೆ. ಸ್ವರಾಂತ್ಯದ ಹೆಸರಿಗೆ, ಅದರಲ್ಲೂ 'ಇ' ಮತ್ತು 'ಎ'ಯಲ್ಲಿ ಮುಗಿಯುವ ಹೆಸರಿಗೆ ಈ ತೊಂದರೆ ಬರುವುದಿಲ್ಲ.

ಎರಡನೆಯದಾಗಿ, ಹೆಸರಿನೊಳಗೆ ಅಡಗಿರುವ ಪದಗಳನ್ನು ಹುಡುಕಿ. ಇಲ್ಲಿ ಒಂದೊಂದು ಹೆಸರನ್ನೂ ಹತ್ತಿರದಿಂದ ನೋಡಬೇಕು. ಬರಗು ಮತ್ತು ಸುಗ್ಗಿ ಸೇರಿಸಿ 'ಬರಗ್ಗಿ' ಮಾಡಿದರೆ ಮೊದಲು ಕೇಳುವುದೇ 'ಬರ'. ಅನ್ನದ ವ್ಯಾಪಾರಕ್ಕೆ ಅದಕ್ಕಿಂತ ಅಪಶಕುನ ಬೇರಿಲ್ಲ. ನವಣೆ ಮತ್ತು ಸಾಮೆಯಿಂದ 'ನವಾಮೆ' ಮಾಡಿದರೆ ಅದರ ಬೆನ್ನಿಗೆ ಒಂದು ಆಮೆ ಕೂತಿರುತ್ತದೆ. ಮೊರ ಮತ್ತು ಒನಕೆಯಿಂದ 'ಮೊರನ' ಮಾಡಿದರೆ ಅವಸರದಲ್ಲಿ ಕೇಳಿದವರಿಗೆ 'ಮರಣ' ಎಂದು ಕೇಳಿಸುತ್ತದೆ. ಸುಗ್ಗಿ ಮತ್ತು ರಾಶಿಯಿಂದ ಮಾಡಿದ 'ಸುರಾಶಿ'ಯಲ್ಲಿ ಸುರೆ ಇದೆ. ಇವುಗಳನ್ನು ಕಟ್ಟಿದವರಿಗೆ ಇದಾವುದೂ ಕಾಣುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ಮೂಲ ಪದಗಳೇ ಕಾಣುತ್ತಿರುತ್ತವೆ. ಆದ್ದರಿಂದಲೇ ಹೊರಗಿನ ಐದಾರು ಜನ ಬೇಕು ಎಂದದ್ದು.

ಮೂರನೆಯದಾಗಿ, 'ಗಿ' ಅಥವಾ 'ಗೀ'ಯಿಂದ ಆರಂಭವಾಗುವ ಹೆಸರುಗಳನ್ನು ಬಿಡುವುದು ಒಳ್ಳೆಯದು. ಕಾಫಿ ಗೀಫಿ, ತಿಂಡಿ ಗಿಂಡಿ ಎಂಬ ನಮ್ಮ ಮಾತಿನ ರೂಢಿಯಿಂದಾಗಿ ಅಂಥ ಹೆಸರು ಬೇರೆ ಯಾವುದೋ ಪದದ ಹಿಂಬಾಲಕನಂತೆ ಕೇಳಿಸುತ್ತದೆ, ತನ್ನ ಕಾಲ ಮೇಲೆ ನಿಲ್ಲುವುದಿಲ್ಲ.

ಕೊನೆಯದಾಗಿ ನೆರೆಭಾಷೆಗಳ ಪರೀಕ್ಷೆ. ಪನ್ನೀರನ್ನು ಕತ್ತರಿಸಿ 'ಪನ್ನಿ' ಎಂದಿಟ್ಟರೆ ಕನ್ನಡದಲ್ಲಿ ಮುದ್ದಾಗಿ ಕೇಳಿಸಬಹುದು. ತಮಿಳಿನಲ್ಲಿ ಅದು ಹಂದಿ. ನಮ್ಮ 'ಮೊರಾಗಿ' ಹಿಂದಿ ಮತ್ತು ದಖನಿ ಉರ್ದು ಬಲ್ಲವರ ಕಿವಿಗೆ 'ಮುರ್ಗಿ'ಯ ಹತ್ತಿರ ಬರುತ್ತದೆ. ತುಮಕೂರು, ಹಾಸನ, ಮಂಡ್ಯದಲ್ಲಷ್ಟೇ ಮಾರುವುದಾದರೆ ಇದನ್ನು ಸಹಿಸಬಹುದಿತ್ತು. ಕಲಬುರಗಿ, ಹೈದರಾಬಾದುಗಳಿಗೂ ಸಸ್ಯಾಹಾರದ ಹಿಟ್ಟನ್ನು ಕಳಿಸಬೇಕೆಂದಿದ್ದರೆ ಕೋಳಿಯ ನೆನಪು ತರುವ ಹೆಸರು ಬೇಡ. ಇಷ್ಟಪಟ್ಟ ಹೆಸರನ್ನು ಇಲ್ಲಿಯೇ ಹೊಡೆದುಹಾಕಿ.

## ಹಂತ 6: ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿ ನೋಡಿ

ಹೆಚ್ಚಿನ ಕನ್ನಡ ಹೆಸರುಗಳು ಸೋಲುವುದು ಈ ಹಂತದಲ್ಲಿ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷ್ ಅಕ್ಷರಗಳಲ್ಲಿ ಆ ಭರವಸೆ ಇಲ್ಲ. ಡೊಮೈನ್, ಮಿಂಚಂಚೆ, ಯುಪಿಐ ಐಡಿ ಎಲ್ಲವೂ ಬಹುಪಾಲು ಆ ಅಕ್ಷರಗಳಲ್ಲೇ ಓಡಾಡುವುದರಿಂದ, ಹೆಸರನ್ನು ಕೇಳಿದವರೆಲ್ಲ ಒಂದೇ ಬಗೆಯಲ್ಲಿ ಟೈಪ್ ಮಾಡುವಂತಿರಬೇಕು.

ನನ್ನ ನೆಂಟರೊಬ್ಬರ ಉಪ್ಪಿನಕಾಯಿಗೆ ಒಮ್ಮೆ ನಾನೇ ಹೆಸರು ಸೂಚಿಸಿದ್ದೆ. ಅದರಲ್ಲಿ ಒಂದು 'ತ', ಒಂದು 'ಳ', ಒಂದು ದೀರ್ಘ 'ಈ' ಇದ್ದವು. ಲೇಬಲ್ ಅಚ್ಚಾಗಿ ಬಂದ ವಾರದಲ್ಲೇ ಐದು ಜನ ಗಿರಾಕಿಗಳಿಗೆ ಫೋನಿನಲ್ಲಿ ತಾಣದ ಹೆಸರು ಹೇಳಿದೆವು. ನಾಲ್ಕು ಬಗೆಯ ಬರಹ ಬಂತು, ತಾಣ ತಲುಪಿದವರು ಒಬ್ಬರು. 'ತ'ವನ್ನು ಕೆಲವರು ಬರೀ 'ಟಿ' ಎಂದೂ ಕೆಲವರು 'ಟಿ-ಎಚ್' ಎಂದೂ ಬರೆದಿದ್ದರು. 'ಈ'ಗೆ ಒಬ್ಬರು ಒಂದು 'ಐ', ಮತ್ತೊಬ್ಬರು ಎರಡು 'ಇ' ಹಾಕಿದ್ದರು. ಲೇಬಲ್‌ಗಳನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು. ಆ ನಷ್ಟದ ನಂತರ ಯಾವ ಹೆಸರನ್ನೇ ಆಗಲಿ ಮೊದಲು ಈ ಜರಡಿಯಲ್ಲಿ ಹಿಡಿಯುತ್ತೇನೆ.

ತೊಡಕಿನ ಅಕ್ಷರಗಳು ಇವು. ತ ಮತ್ತು ಟ, ದ ಮತ್ತು ಡ, ಲ ಮತ್ತು ಳ, ನ ಮತ್ತು ಣ, ಶ ಮತ್ತು ಷ ಜೋಡಿಗಳಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ಮಹಾಪ್ರಾಣಕ್ಕೆ 'ಎಚ್' ಸೇರಿಸುವವರೂ ಬಿಡುವವರೂ ಇದ್ದಾರೆ. 'ವ'ಕ್ಕೆ 'ವಿ' ಮತ್ತು 'ಡಬ್ಲ್ಯು', 'ಕ'ಕ್ಕೆ 'ಕೆ' ಮತ್ತು 'ಸಿ', 'ಕ್ಷ'ಕ್ಕೆ 'ಕೆ-ಎಸ್-ಎಚ್' ಮತ್ತು 'ಎಕ್ಸ್' ಎರಡೆರಡು ದಾರಿ. ಸ್ವರಗಳಲ್ಲಿ ಈ ಮತ್ತು ಊ ಹೆಚ್ಚು ಅಪಾಯಕಾರಿ. ಜೊತೆಗೆ, 'ಅ'ಕಾರದಲ್ಲಿ ಮುಗಿಯುವ ಹೆಸರಿನ ಕೊನೆಯ ಸ್ವರವನ್ನು ಹಿಂದಿಯವರು ನುಂಗುತ್ತಾರೆ, ಇಂಗ್ಲಿಷಿನವರು ಎಳೆಯುತ್ತಾರೆ.

ಸುರಕ್ಷಿತವಾದವು ಗ, ಜ, ಪ, ಬ, ಮ, ರ. ಇವುಗಳ ಜೊತೆ ಹ್ರಸ್ವ 'ಇ', ಅನುಸ್ವಾರದ 'ಮ್' ಬಂದರೆ ಬರಹ ಬಹುಮಟ್ಟಿಗೆ ಒಂದೇ ಆಗಿ ಉಳಿಯುತ್ತದೆ. 'ತೆನಜ'ವನ್ನು (ತೆನೆ ಮತ್ತು ಕಣಜ) ಈ ಜರಡಿಗೆ ಹಾಕಿ: ಕರ್ನಾಟಕದಲ್ಲಿ ಅರ್ಧದಷ್ಟು ಜನ 'ಟಿ-ಎಚ್' ಹಾಕಿಯೇ ಬರೆಯುತ್ತಾರೆ. ಅಂಥ ಹೆಸರನ್ನು ಬಿಡಲಾಗದಿದ್ದರೆ ಎರಡೂ ಬರಹದ ಡೊಮೈನ್ ಕೊಳ್ಳಬೇಕು, ಪ್ರತಿ ವರ್ಷ ಎರಡಕ್ಕೂ ಹಣ ಕಟ್ಟಬೇಕು. 'ರಾಗಂಬಿ'ಯನ್ನು ಹಾಕಿ: ಆರ್, ಎ, ಜಿ, ಎ, ಎಂ, ಬಿ, ಐ. ದೀರ್ಘ 'ರಾ'ಗೆ ಎರಡು 'ಎ' ಹಾಕುವವರು ಕೆಲವರು ಇರಬಹುದು, ಆದರೆ ರಾಗಿ ಎಂಬ ಪದವನ್ನು ಒಂದೇ 'ಎ'ಯಲ್ಲಿ ಬರೆಯುವ ರೂಢಿ ಬಲವಾಗಿರುವುದರಿಂದ ಅಪಾಯ ಕಡಿಮೆ.

ಅನಂತರ ತಿರುಗುಮುರುಗಾಗಿ ನೋಡಿ: ಇಂಗ್ಲಿಷ್ ಬರಹವನ್ನಷ್ಟೇ ಅಪರಿಚಿತರ ಮುಂದಿಟ್ಟು ಓದಲು ಹೇಳಿ. ಉಚ್ಚಾರಣೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಬೇರೆ ಅರ್ಥದ ಪದ ಹುಟ್ಟಿದರೆ ಬಿಡಬೇಕು. ಮೊರಾಗಿಯನ್ನು 'ಮೋ' ಎಂದು ಎಳೆದು ಓದಿದವರಿಗೆ ಮೋರಿ ನೆನಪಾಗುವುದು ಇಲ್ಲಿಯೇ. ಡೊಮೈನಿನಲ್ಲಿ ಪದಗಳ ನಡುವೆ ಜಾಗವೂ ಇರುವುದಿಲ್ಲ, ದೊಡ್ಡ ಸಣ್ಣ ಅಕ್ಷರಗಳ ಭೇದವೂ ಇರುವುದಿಲ್ಲ. 'ಹೊಸ ಅಂಗಡಿ' ಎಂದು ನೀವು ಬರೆದದ್ದನ್ನು ಓದುವವರು 'ಹೊಸಾಂಗಡಿ' ಎನ್ನುತ್ತಾರೆ.

ಇಲ್ಲಿ ಸಂಖ್ಯಾಶಾಸ್ತ್ರದ ವಿಷಯ ಹೇಳಬೇಕು. ನಂಬಿಕೆಯಿರುವವರು ಹೆಸರು ಅಂತಿಮವಾದ ಮೇಲೆ ಕೂಡಿಬರಲೆಂದು ಒಂದು 'ಎ' ಅಥವಾ ಒಂದು 'ಎಚ್' ಹೆಚ್ಚು ಸೇರಿಸುತ್ತಾರೆ. ಹಾಗೆ ಸೇರಿಸಿದ ಅಕ್ಷರವನ್ನು ಕಿವಿ ಕೇಳುವುದಿಲ್ಲ, ಆದ್ದರಿಂದ ಗಿರಾಕಿ ಟೈಪ್ ಮಾಡುವುದೂ ಇಲ್ಲ. ನಂಬಿಕೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಈ ಹಂತ ದಾಟಿದ ಐದಾರು ಹೆಸರುಗಳನ್ನು ಇದ್ದಂತೆಯೇ ತೋರಿಸಿ, ಅವುಗಳಲ್ಲಿ ಕೂಡಿಬರುವುದನ್ನು ಆರಿಸಿಕೊಳ್ಳಿ. ಬರಹವನ್ನು ತಿದ್ದಲು ಹೋಗಬೇಡಿ.

## ಹಂತ 7: ಫೋನಿನಲ್ಲಿ ಒಮ್ಮೆ ಹೇಳಿ ಬರೆಸಿ

ಉಳಿದ ಆರೇಳು ಹೆಸರುಗಳನ್ನು ಗುಂಪಿನವರಿಗೆ ಫೋನ್ ಮಾಡಿ ಹೇಳಿ. ವಾಟ್ಸ್ಯಾಪ್ ಸಂದೇಶ ಬೇಡ, ಧ್ವನಿಯೇ ಬೇಕು. ಹೆಸರನ್ನು ಒಂದು ವಾಕ್ಯದೊಳಗೆ ಒಂದೇ ಸಲ ಹೇಳಿ: 'ಈ ಹಿಟ್ಟು ರಾಗಂಬಿಯಿಂದ ತರಿಸಿದ್ದು.' ಕೇಳಿದ್ದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳಿಸಲು ಹೇಳಿ. 'ಏನಂದ್ರಿ?' ಎಂದು ಕೇಳಿದರೆ ಅದನ್ನೂ ಗುರುತು ಹಾಕಿಕೊಳ್ಳಿ. ಮೂರು ದಿನ ಬಿಟ್ಟು, ಮೊದಲೇ ತಿಳಿಸದೆ, ಆ ಹೆಸರು ನೆನಪಿದೆಯೇ ಎಂದು ವಿಚಾರಿಸಿ.

ಆರು ಜನರಲ್ಲಿ ಐವರು ಒಂದೇ ಬಗೆಯಲ್ಲಿ ಬರೆದು, ಮೂವರಾದರೂ ನೆನಪಿಟ್ಟ ಹೆಸರು ಮುಂದಿನ ಹಂತಕ್ಕೆ ಅರ್ಹ. 'ಚೆನ್ನಾಗಿದೆಯೇ?' ಎಂದು ಮಾತ್ರ ಯಾರನ್ನೂ ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ ನಿಮ್ಮ ಮೇಲಿನ ವಿಶ್ವಾಸದ ಅಳತೆಯಾಗುತ್ತದೆ.

## ಹಂತ 8: ಈ ಕ್ರಮದಲ್ಲೇ ಶೋಧಿಸಿ

ಕನಿಷ್ಠ ಮೂರು ಹೆಸರು ಕೈಯಲ್ಲಿರಲಿ. ಮೊದಲು 'ರಾಗಂಬಿ'ಯಂಥ ಅಭ್ಯಾಸದ ಹೆಸರೇ ಆಗಲಿ, ನಿಮ್ಮ ಸ್ವಂತದ್ದೇ ಆಗಲಿ, ಸಾಮಾನ್ಯ ಅಂತರ್ಜಾಲ ಶೋಧದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬರಹದಲ್ಲಿ ಹುಡುಕಿ; ಸಾಮಾಜಿಕ ಜಾಲತಾಣಗಳಲ್ಲೂ ನೋಡಿ. ಶೋಧಯಂತ್ರ ನಿಮ್ಮ ಪದವನ್ನು ತಾನೇ ತಿದ್ದಿ ಬೇರೆ ಪದ ತೋರಿಸಿದರೆ ಅದು ಎಚ್ಚರಿಕೆಯ ಗುರುತು: ಗಿರಾಕಿಗಳಿಗೂ ಅದೇ ತಿದ್ದುಪಡಿ ಕಾಣುತ್ತದೆ.

ಎರಡನೆಯದು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಶೋಧ. ಇದು ಉಚಿತ. ಪದವನ್ನು ಇದ್ದಂತೆ ಹುಡುಕುವುದರ ಜೊತೆಗೆ ಉಚ್ಚಾರಣೆಯ ಆಧಾರದ ಶೋಧವನ್ನೂ ತಪ್ಪದೆ ಮಾಡಿ. ಸರಕುಗಳನ್ನು 1ರಿಂದ 34, ಸೇವೆಗಳನ್ನು 35ರಿಂದ 45ರವರೆಗಿನ ವರ್ಗಗಳಲ್ಲಿ ವಿಂಗಡಿಸಲಾಗಿದೆ. ಹಿಟ್ಟು, ಕಾಫಿ, ಸಾಂಬಾರ ಪದಾರ್ಥ 30ರಲ್ಲಿ, ಉಡುಪು 25ರಲ್ಲಿ, ಹೋಟೆಲ್ ಸೇವೆ 43ರಲ್ಲಿ ಬರುತ್ತವೆ. ನಿಮ್ಮ ವರ್ಗವನ್ನು ಮಾತ್ರ ನೋಡಿ ಬಿಡದೆ ನೆರೆಯ ವರ್ಗಗಳನ್ನೂ ನೋಡಿ.

ಒಂದೆರಡು ಅಕ್ಷರ ಬೇರೆಯಿದ್ದರೆ ಸಾಕು ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ನಶ್ಯದ ವ್ಯಾಪಾರದ 'ಅಂಬಾಳ್' ಮತ್ತು 'ಆಂಡಾಳ್' ಹೆಸರುಗಳು ಬೇರೆ ಬೇರೆ ದೇವಿಯರವು, ಅರ್ಥವೂ ಬೇರೆ; ಆದರೂ ಕಿವಿಗೆ ಹತ್ತಿರವಾಗಿವೆ ಎಂದು ಸುಪ್ರೀಂ ಕೋರ್ಟ್ ಎರಡನೆಯದಕ್ಕೆ ನೋಂದಣಿ ಒಪ್ಪಲಿಲ್ಲ. 'ಗ್ಲುಕೋವಿಟಾ' ಇದ್ದಾಗ ಬಿಸ್ಕತ್ತಿಗೆ 'ಗ್ಲುವಿಟಾ' ಎಂಬ ಹೆಸರೂ ನಿಲ್ಲಲಿಲ್ಲ. ನ್ಯಾಯಾಲಯ ಕೇಳುವುದು ಸಾಮಾನ್ಯ ಗಿರಾಕಿಯ ಅರೆಬರೆ ನೆನಪಿನಲ್ಲಿ ಎರಡೂ ಕಲಸಿಹೋಗುತ್ತವೆಯೇ ಎಂದು.

ಮೂರನೆಯದು ಡೊಮೈನ್. ಡಾಟ್ ಕಾಮ್ ಮತ್ತು ಡಾಟ್ ಇನ್ ಎರಡೂ ಖಾಲಿಯಿವೆಯೇ ನೋಡಿ. ಒಂದು ಬೇರೆಯವರ ಬಳಿಯಿದ್ದು ಅವರದೂ ನಿಮ್ಮದೇ ಬಗೆಯ ವ್ಯಾಪಾರವಾದರೆ ಆ ಹೆಸರನ್ನು ಬಿಡಿ. ಅಡ್ಡಗೆರೆ, ಅಂಕಿ, ಕೊನೆಯಲ್ಲಿ 'ಆನ್‌ಲೈನ್' ಎಂಬ ಬಾಲ ಸೇರಿಸಿ ರಾಜಿಯಾಗಬೇಡಿ. ಕನ್ನಡ ಲಿಪಿಯಲ್ಲೇ ಬರೆಯುವ 'ಡಾಟ್ ಭಾರತ' ವಿಳಾಸವೂ ಸಿಗುತ್ತದೆ. ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಬಹುದು.

ಕಂಪನಿ ಸ್ಥಾಪಿಸುವವರು ಮಾತ್ರ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹೆಸರನ್ನು ಪರಿಶೀಲಿಸಬೇಕು. ಅಲ್ಲಿ ಹೊಸ ಕಂಪನಿಗೆ ಎರಡು ಹೆಸರು ಸೂಚಿಸಬಹುದು, ಒಪ್ಪಿಗೆಯಾದದ್ದು 20 ದಿನ ಕಾಯ್ದಿರಿಸಲ್ಪಡುತ್ತದೆ. ಕಂಪನಿ ನೋಂದಣಿಯಾಗಲಿ, ಜಿಎಸ್‌ಟಿ ಪ್ರಮಾಣಪತ್ರದಲ್ಲಿ ವ್ಯಾಪಾರನಾಮ ಅಚ್ಚಾಗಿರುವುದಾಗಲಿ ಆ ಹೆಸರನ್ನು ಬ್ರ್ಯಾಂಡ್ ಆಗಿ ನಿಮ್ಮದಾಗಿಸುವುದಿಲ್ಲ. ಇದನ್ನು ತಿಳಿಯದೆ ವರ್ಷಗಟ್ಟಲೆ ನಿಶ್ಚಿಂತರಾಗಿದ್ದವರನ್ನು ಕಂಡಿದ್ದೇನೆ.

## ಹಂತ 9: ಒಂದೇ ದಿನ ಕೊಂಡು, ಅರ್ಜಿ ಹಾಕಿ

ಹೆಸರು ಎಲ್ಲ ಶೋಧಗಳನ್ನೂ ದಾಟಿದ ದಿನವೇ ಡೊಮೈನ್ ಕೊಂಡು, ಸಾಮಾಜಿಕ ಜಾಲತಾಣಗಳ ಖಾತೆ ತೆರೆದು, ಟ್ರೇಡ್‌ಮಾರ್ಕ್ ಅರ್ಜಿ ಸಲ್ಲಿಸಿ. ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ ಶುಲ್ಕ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಚಿತ್ರಲಾಂಛನಕ್ಕಿಂತ ಮೊದಲು ಪದಕ್ಕೇ ಅರ್ಜಿ ಹಾಕಿ, ಏಕೆಂದರೆ ಲಾಂಛನದ ವಿನ್ಯಾಸ ಮುಂದೆ ಬದಲಾಗುತ್ತದೆ, ಪದ ಬದಲಾಗುವುದಿಲ್ಲ. ಕನ್ನಡ ಲಿಪಿಯ ಪದಕ್ಕೆ ಅರ್ಜಿ ಹಾಕಿದರೆ ಅದರ ಲಿಪ್ಯಂತರ ಮತ್ತು ಅನುವಾದವನ್ನೂ ಕೊಡಬೇಕಾಗುತ್ತದೆ.

ಅರ್ಜಿ ಒಪ್ಪಿಗೆಯಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಯಾರಾದರೂ ವಿರೋಧಿಸಲು ನಾಲ್ಕು ತಿಂಗಳ ಅವಕಾಶವಿರುತ್ತದೆ. ಅಲ್ಲಿಯವರೆಗೆ ಹೆಸರಿನ ಪಕ್ಕ 'ಟಿಎಂ' ಎಂದು ಹಾಕಬಹುದು. ವೃತ್ತದೊಳಗಿನ 'ಆರ್' ಗುರುತನ್ನು ನೋಂದಣಿಗೆ ಮೊದಲು ಬಳಸುವುದು ಕಾನೂನುಬಾಹಿರ. ನೋಂದಣಿ 10 ವರ್ಷದ್ದು, ಆಮೇಲೆ ನವೀಕರಿಸುತ್ತ ಹೋಗಬಹುದು. ಮೊದಲ ಬಿಲ್, ಮೊದಲ ಲೇಬಲ್, ಮೊದಲ ಜಾಹೀರಾತನ್ನು ದಿನಾಂಕ ಸಮೇತ ಒಂದು ಕಡತದಲ್ಲಿ ಇಡಿ. ಯಾರು ಮೊದಲು ಬಳಸಿದರೆಂಬ ಪ್ರಶ್ನೆ ಬಂದಾಗ ಅವೇ ಸಾಕ್ಷಿ.

## ಹಂತ 10: ಫಲಕ ಬರೆಸಿ, ಹೆಸರನ್ನು ಕಾಯಿರಿ

ಫಲಕ, ಚೀಲ, ಲೇಬಲ್‌ಗಳಿಗೆ ಹಣ ಕೊಡಬೇಕಾದದ್ದು ಈಗ. ಕರ್ನಾಟಕದಲ್ಲಿ 2024ರ ತಿದ್ದುಪಡಿ ಕಾಯ್ದೆಯಂತೆ ವಾಣಿಜ್ಯ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಹುಟ್ಟಿದ ಹೆಸರುಗಳಿಗೆ ಇಲ್ಲಿ ಪೇಂಟರ್ ತನಗೆ ತೋಚಿದ ಕನ್ನಡ ರೂಪ ಕೊಡುತ್ತಾನೆ, ಒಂದೇ ಬೀದಿಯಲ್ಲಿ ಒಂದೇ ಸಂಸ್ಥೆಯ ಹೆಸರು ಎರಡು ಬಗೆಯಲ್ಲಿ ಕಾಣುತ್ತದೆ. ನಿಮ್ಮ ಹೆಸರಿನ ಕನ್ನಡ ಬರಹ ನಾಲ್ಕನೆಯ ಹಂತದಿಂದಲೇ ಕೈಯಲ್ಲಿದೆ. ಅದನ್ನು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದು ಪೇಂಟರ್‌ಗೂ ಅಚ್ಚುಮನೆಗೂ ಕೊಡಿ, ಕರಡನ್ನು ನೋಡದೆ ಒಪ್ಪಿಗೆ ಕೊಡಬೇಡಿ.

ಮಾತಿನಲ್ಲೂ ಬರಹದಲ್ಲೂ ಹೆಸರಿನ ಮುಂದೆ ಸರಕನ್ನು ಹೇಳುವುದು ರೂಢಿಯಾಗಲಿ: 'ರಾಗಂಬಿ ರಾಗಿ ಮಾಲ್ಟ್'. ಬರೀ ಹೆಸರೇ ಸರಕಿನ ಹೆಸರಾಗಿಬಿಟ್ಟರೆ ಏನಾಗುತ್ತದೆಂಬುದಕ್ಕೆ ಯಾವ ಕಂಪನಿಯ ಯಂತ್ರವಿದ್ದರೂ 'ಜೆರಾಕ್ಸ್ ಅಂಗಡಿ' ಎಂದೇ ಫಲಕ ಹಾಕಿರುವ ನಮ್ಮ ಬೀದಿಗಳನ್ನು ನೋಡಿದರೆ ಸಾಕು.

ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ಇಂದೇ ಪರಿಶೀಲಿಸಿ. ತಾಣ ಮಾಡಿಕೊಟ್ಟವರು ಅನುಕೂಲಕ್ಕೆಂದು ತಮ್ಮ ಖಾತೆಯಲ್ಲೇ ಅದನ್ನು ಕೊಂಡಿರುತ್ತಾರೆ. ಅವರು ಊರು ಬಿಟ್ಟರೆ, ದೂರವಾಣಿ ಸಂಖ್ಯೆ ಬದಲಿಸಿದರೆ, ನವೀಕರಣದ ಸೂಚನೆ ನಿಮ್ಮನ್ನು ತಲುಪುವುದೇ ಇಲ್ಲ. ಖಾತೆ ನಿಮ್ಮ ಮಿಂಚಂಚೆಗೆ, ನಿಮ್ಮ ಮೊಬೈಲಿಗೆ ಸೇರಿರಲಿ. ಮುಕ್ತಾಯದ ದಿನಾಂಕವನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ, ಒಂದು ತಿಂಗಳು ಮುಂಚಿನ ಪುಟದಲ್ಲಿ, ಕೆಂಪು ಶಾಯಿಯಿಂದ ಬರೆದಿಡಿ.